ಉಪ್ಪು ಸಾಕಾ, ಅಮ್ಮ?

ಮಾರ್ಚ್ 3, ಸೋಮವಾರ

ಜ್ವರ ಬಿಟ್ಟು ವಾರದ ಮೇಲಾಯಿತು. ಮೈಗೆ ಬಲ ಬಂದಿದೆ, ನಾಲಿಗೆಗೆ ಬಂದಿಲ್ಲ. ಬೆಳಿಗ್ಗೆ ಕಿತ್ತಳೆಯ ತೊಳೆಯೊಂದನ್ನು ಬಾಯಿಗೆ ಹಾಕಿಕೊಂಡೆ. ಒದ್ದೆ ಬಟ್ಟೆ ಅಗಿದ ಹಾಗಿತ್ತು. ಕಾಫಿ ಬರೀ ಬಿಸಿ. ಬೆಳ್ಳುಳ್ಳಿಯನ್ನು ಹಸಿಯಾಗಿಯೇ ಕಚ್ಚಿ ನೋಡಿದೆ. ಉರಿಯಿತು, ಆದರೆ ಆ ಉರಿಯೊಳಗೆ ಬೆಳ್ಳುಳ್ಳಿ ಇರಲಿಲ್ಲ.

ಕಿವಿ ಮೂಗಿನ ಡಾಕ್ಟರು ಗಂಟಲಿಗೆ ದೀಪ ಹಿಡಿದು ನೋಡಿ, "ಕೆಲವರಿಗೆ ತಿಂಗಳಲ್ಲಿ ಬರುತ್ತೆ, ಕೆಲವರಿಗೆ ವರ್ಷ ಹಿಡಿಯುತ್ತೆ," ಅಂದರು. ಬಾರದವರೂ ಇದ್ದಾರಾ ಎಂದು ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ.

ಮಧ್ಯಾಹ್ನ ಪತ್ರಿಕೆಯಿಂದ ಪುರವಣಿಯ ಸಂಪಾದಕಿ ಫೋನ್ ಮಾಡಿದರು. "ಈಗ ಎಲ್ಲಿ ನೋಡಿದ್ರೂ ಬಣ್ಣಬಣ್ಣದ ಸಮುದ್ರದ ಉಪ್ಪು ಮಾರ್ತಿದಾರೆ. ಮನೆ ಅಡುಗೆಗೆ ಅಷ್ಟು ದುಡ್ಡು ಸುರಿದು ತರೋದರಲ್ಲಿ ಏನಾದ್ರೂ ಅರ್ಥ ಇದೆಯಾ? ಪೂರ್ತಿ ಒಂದು ಪುಟ ನಿಮಗೇ. ನಿಮ್ಮ ನಾಲಿಗೆ ಹೇಳಿದ್ದೇ ಕೊನೇ ಮಾತು."

ಇಲ್ಲ ಅನ್ನಲು ಬಾಯಿ ತೆರೆದೆ, ಹೊರಗೆ ಬಂದದ್ದು "ಆಗಲಿ". ಮಂಡಿ ಹಾಳಾಗಿ ಹೋಟೆಲಿನ ಅಡುಗೆಮನೆ ಬಿಟ್ಟ ಮೇಲೆ ನನಗೆ ಉಳಿದಿರುವುದು ಈ ವಾರದ ಅಂಕಣ ಒಂದೇ. ಅದರ ತಲೆಯ ಮೇಲೆ ನನ್ನ ಹೆಸರು ಕೂಡ ಇಲ್ಲ, 'ನಾಲಿಗೆ' ಎಂದಷ್ಟೇ ಇದೆ. ಮಾರುಕಟ್ಟೆಯಲ್ಲಿ ಜನ ಕರೆಯುವುದೂ ಹಾಗೆಯೇ. "ಏನು ನಾಲಿಗೆ ಸಾರ್, ಆರಾಮಾ?"

ಹೆಂಡತಿಗೆ ಹೇಳಿಲ್ಲ. ಅಮ್ಮನಿಗಂತೂ ಇಲ್ಲವೇ ಇಲ್ಲ. ನಾಳೆ ನಾಡಿದ್ದರಲ್ಲಿ ಬಂದುಬಿಟ್ಟರೆ ಸುಮ್ಮನೆ ಊರಿಗೆಲ್ಲ ಡಂಗುರ ಹೊಡೆದ ಹಾಗಾಗುತ್ತದೆ.

ಮಾರ್ಚ್ 5, ಬುಧವಾರ

ಉಪ್ಪಿಗೆಂದೇ ಒಂದು ಅಂಗಡಿ ಇದೆಯೆಂದು ಇಂದು ಕಂಡೆ. ಒಡವೆ ಅಂಗಡಿಯ ಹಾಗೆ ಗಾಜಿನ ಕಪಾಟು, ಕಪಾಟಿನೊಳಗೆ ದೀಪ. ಬೂದು ಬಣ್ಣದ ತೇವದ ಉಪ್ಪು, ಗುಲಾಬಿ ಹರಳು, ಮರದ ಹೊಗೆ ಕುಡಿಸಿದ ಕಂದು ಉಪ್ಪು, ಮತ್ತೆ ಈ ಚಕ್ಕೆ ಉಪ್ಪು: ಕಾಗದಕ್ಕಿಂತ ತೆಳುವಾದ ಬಿಳಿ ಚಕ್ಕೆಗಳು, ಬೆರಳಿಂದ ಮುಟ್ಟಿದರೆ ಮುರಿಯುತ್ತವೆ.

ಅಂಗಡಿಯವನು ನನ್ನನ್ನು ಗುರುತು ಹಿಡಿದ. ಕುರ್ಚಿ ಹಾಕಿ ಕೂರಿಸಿ, ಮರದ ಪುಟ್ಟ ಚಮಚದಲ್ಲಿ ಒಂದೊಂದನ್ನೇ ನನ್ನ ಅಂಗೈಗೆ ಹಾಕಿದ. ನೆಕ್ಕಿದೆ. ಮರಳು. ಅವನು ನನ್ನ ಮುಖವನ್ನೇ ನೋಡುತ್ತ ನಿಂತಿದ್ದ.

"ಇದು ಮೊದಲು ಚುರುಕು, ಆಮೇಲೆ ಮೆದು," ಅಂದೆ. ಯಾವುದೋ ಹಳೆಯ ಅಂಕಣದಲ್ಲಿ ಗಿಣ್ಣಿನ ಬಗ್ಗೆ ಬರೆದ ಮಾತು ಅದು.

"ಅದೇ ಸಾರ್, ಅದೇ," ಅಂದ ಅವನು, ಪಕ್ಕದಲ್ಲಿದ್ದ ಗಿರಾಕಿಗೂ ಕೇಳುವ ಹಾಗೆ. "ಇಷ್ಟು ದಿನ ನನಗೆ ಅದನ್ನ ಹೇಳೋಕೆ ಬರ್ತಿರಲಿಲ್ಲ ನೋಡಿ."

ಆ ಗಿರಾಕಿ ಹೆಂಗಸು ಕೂಡಲೇ ಒಂದು ಡಬ್ಬಿ ಕಟ್ಟಿಸಿಕೊಂಡಳು. ನಾನು ನೆಲ ನೋಡುತ್ತ ಹೊರಗೆ ಬಂದೆ. ಚೀಲದಲ್ಲಿ ನಾಲ್ಕು ಬಗೆಯ ಉಪ್ಪು.

ಮಾರ್ಚ್ 6, ಗುರುವಾರ

ಚಕ್ಕೆ ಉಪ್ಪನ್ನು ಹಲ್ಲಿನಡಿ ಇಟ್ಟು ಕಣ್ಣು ಮುಚ್ಚಿದೆ. ಕರಕ್ ಎಂದಿತು. ಅಷ್ಟೇ. ಕಿವಿಗೆ ಕೇಳಿದ್ದು ನಾಲಿಗೆಗೆ ಕೇಳಲಿಲ್ಲ.

ಮಾರ್ಚ್ 10, ಸೋಮವಾರ

ದಿನಕ್ಕೊಂದು ಉಪ್ಪು ಹಾಕಿ ಒಂದೇ ಸೂಪು ಮಾಡುತ್ತಿದ್ದೇನೆ: ಬೇಳೆ, ಕ್ಯಾರೆಟ್ಟು, ಆಲೂಗಡ್ಡೆ. ರುಚಿ ನೋಡುವವಳು ಅಮ್ಮ. ಪರೀಕ್ಷೆ ನಡೆದಿದೆ ಎಂದು ಅವಳಿಗೆ ಗೊತ್ತಿಲ್ಲ. ಹೆಂಡತಿಗೆ ಬಸ್ ಡಿಪೋದ ಕಂಟ್ರೋಲ್ ರೂಮಿನಲ್ಲಿ ಈ ತಿಂಗಳು ಮಧ್ಯಾಹ್ನದ ಪಾಳಿ, ಊಟ ಅಲ್ಲಿನ ಕ್ಯಾಂಟೀನಿನಲ್ಲೇ. ಹೀಗಾಗಿ ಮೇಜಿಗೆ ನಾವಿಬ್ಬರೇ.

ಕಷ್ಟವೆಂದರೆ, ನಾನು ಎಂದೂ ಅಳೆದು ಅಡುಗೆ ಮಾಡಿದವನಲ್ಲ. ಚಿಟಿಕೆ ಹಾಕು, ನೆಕ್ಕಿ ನೋಡು, ಇನ್ನೊಂದು ಚಿಟಿಕೆ. ನಾಲಿಗೆಯೇ ತಕ್ಕಡಿ. ಈಗ ತಕ್ಕಡಿಯ ತಟ್ಟೆಯೇ ಕಳಚಿಬಿದ್ದಿದೆ. ಪಾತ್ರೆಯ ಮುಂದೆ ಚಮಚ ಹಿಡಿದು ಕುರುಡ ರಸ್ತೆ ದಾಟುವ ಹಾಗೆ ನಿಲ್ಲುತ್ತೇನೆ. ಹಾಕಿದೆನೋ ಇಲ್ಲವೋ ಎಂಬುದೇ ಕೆಲವೊಮ್ಮೆ ಮರೆತುಹೋಗುತ್ತದೆ. ಹಾಕಿಲ್ಲ ಎಂದುಕೊಂಡು ಹಾಕುತ್ತೇನೆ.

"ಉಪ್ಪು ಸಾಕಾ, ಅಮ್ಮ?"

"ಸಾಕು. ಚೆನ್ನಾಗಿದೆ."

ಟೆಲಿಫೋನ್ ಕಚೇರಿಯಲ್ಲಿ ಜೀವಮಾನವೆಲ್ಲ ಕರೆ ಜೋಡಿಸಿದವಳು ಅಮ್ಮ. ಬೇರೆ ಯಾವುದರಲ್ಲೂ ಅವಳದು ಕತ್ತರಿಯ ಮಾತು. ಇವತ್ತೂ ಟೀವಿಯಲ್ಲಿ ವಾರ್ತೆ ಓದುವವಳನ್ನು, "ಇವಳಿಗೆ ಮೂಗಲ್ಲಿ ನೆಲಗಡಲೆ ಸಿಕ್ಕಿಕೊಂಡಿದೆ," ಅಂದಳು. ನನ್ನ ಹೊಸ ಅಂಗಿಗೆ, "ಸೋಫಾದ ಬಟ್ಟೆ ಮಿಕ್ಕಿತ್ತಾ?" ಎಂದು ಕೇಳಿದಳು. ಅಂಥವಳು ಚೆನ್ನಾಗಿದೆ ಎಂದರೆ ಚೆನ್ನಾಗಿಯೇ ಇರಬೇಕು. ಚಕ್ಕೆ ಉಪ್ಪು ದೊಡ್ಡ ಚಮಚದಲ್ಲಿ ಭರ್ತಿ ಎರಡು. ಅದೇ ಅಳತೆಯನ್ನು ಇನ್ನು ಗಟ್ಟಿ ಮಾಡಿಕೊಳ್ಳುತ್ತೇನೆ.

ಮಾರ್ಚ್ 14, ಶುಕ್ರವಾರ

ಹೆಂಡತಿಗೆ ಇವತ್ತು ವಾರದ ರಜೆ. ಮೂವರೂ ಒಟ್ಟಿಗೆ ಕೂತೆವು. ಹೋಲಿಸಿ ನೋಡಲೆಂದು ಇಂದು ಮನೆಯ ಸಾಧಾರಣ ಪುಡಿ ಉಪ್ಪನ್ನೇ ಹಾಕಿದ್ದೆ, ಅದೇ ಎರಡು ಚಮಚ.

ಇವಳು ಒಂದು ಚಮಚ ಬಾಯಿಗಿಟ್ಟು, ಚಮಚವನ್ನು ಮೆಲ್ಲಗೆ ಬಟ್ಟಲ ಪಕ್ಕಕ್ಕಿಟ್ಟಳು. "ಏನ್ರೀ, ಸಮುದ್ರಾನೇ ಮೊಗೆದು ತಂದ್ರಾ?"

"ಯಾಕೆ?"

"ಯಾಕೆ ಅಂದ್ರೆ? ಬಾಯಿಗಿಡೋಕಾಗಲ್ಲ. ನೀವು ರುಚಿ ನೋಡಿದ್ರಾ?"

ನನಗೆ ಎಲ್ಲಿತ್ತೋ ಸಿಟ್ಟು. "ಡಿಪೋ ಕ್ಯಾಂಟೀನಿನ ಊಟ ಉಂಡೂ ಉಂಡೂ ನಿನ್ನ ನಾಲಿಗೆ ಸತ್ತುಹೋಗಿದೆ. ರುಚಿ ಅನ್ನೋದು ಎಲ್ಲರಿಗೂ ಬರೋದಲ್ಲ," ಅಂದೆ.

"ನನಗೇನೋ ಚೆನ್ನಾಗೇ ಇದೆ," ಅಂದಳು ಅಮ್ಮ, ತಲೆಯೆತ್ತದೆ. ಬಟ್ಟಲನ್ನು ಓರೆ ಮಾಡಿ ಕೊನೆಯ ಗುಟುಕನ್ನೂ ಕುಡಿದಳು.

"ಅತ್ತೆ, ನಿಮಗೆ ಬಿಪಿ ಇದೆ," ಅಂದಳು ಇವಳು.

"ನನ್ನ ಬಿಪಿ ನನ್ನ ಹತ್ರ ಇರಲಿ ಬಿಡೇ. ನೀನು ಬ್ರೆಡ್ಡಾದ್ರೂ ತಿನ್ನು."

ಆಮೇಲೆ ಇವಳು ನನಗೆ ಬೆನ್ನು ಮಾಡಿ ಪಾತ್ರೆ ತೊಳೆದಳು. ಇನ್ನು ಮೇಲೆ ಕಡಿಮೆ ಹಾಕುತ್ತೇನೆ ಎಂದು ನಾನೇ ಹೇಳಿದೆ. ಎಷ್ಟಕ್ಕಿಂತ ಕಡಿಮೆ?

ಇಬ್ಬರಲ್ಲಿ ಒಬ್ಬರ ಮಾತು ಸುಳ್ಳಿರಬೇಕು. ನಾನು ಅಮ್ಮನದನ್ನು ನಂಬಿದೆ. ಕೇಳಲು ಹಿತವಾಗಿದ್ದದ್ದು ಅದೇ.

ಮಾರ್ಚ್ 15, ಶನಿವಾರ

ಲೇಖನ ಬರೆದು ಮುಗಿಸಿದೆ. 'ಬೂದು ಉಪ್ಪಿನಲ್ಲಿ ಕಡಲ ತೀರದ ತಂಪಿದೆ. ಹೊಗೆಯ ಉಪ್ಪು ಆಲೂಗಡ್ಡೆಯ ಮೇಲೆ ಬಿದ್ದೊಡನೆ ಅದಕ್ಕೊಂದು ಹಳೆಯ ನೆನಪು ಬರುತ್ತದೆ.' ಆಲೂಗಡ್ಡೆಗೆ ಎಂಥ ನೆನಪು? ಸಂಪಾದಕಿಗೆ ಕಳಿಸಿದೆ. ಅವರಿಗೆ ತುಂಬಾ ಹಿಡಿಸಿತಂತೆ.

ಮಾರ್ಚ್ 21, ಶುಕ್ರವಾರ

ಅಮ್ಮನ ಚಪ್ಪಲಿ ಕಾಲಿಗೆ ಹಿಡಿಯುತ್ತಿಲ್ಲ. "ಬಿಸಿಲಲ್ಲಿಟ್ಟು ಸುರುಟಿಸಿಬಿಟ್ಟಿದೀಯ," ಎಂದು ನನ್ನನ್ನೇ ಬೈದಳು. ನೀರು ಬಹಳ ಕುಡಿಯುತ್ತಾಳೆ. ಹೂಜಿಯನ್ನು ತುಂಬಿಸಿ ತುಂಬಿಸಿ ಹಾಸಿಗೆಯ ಪಕ್ಕ ಇಡುತ್ತಿದ್ದೇನೆ. ಸೆಖೆಗಾಲ ಬೇರೆ.

ಚಕ್ಕೆ ಉಪ್ಪು ಮುಗಿದಿದೆ. ಪುಡಿಯನ್ನೇ ಹಾಕುತ್ತಿದ್ದೇನೆ, ಅದೇ ಎರಡು ಚಮಚ.

ಮಾರ್ಚ್ 25, ಮಂಗಳವಾರ

ಅಮ್ಮ ಹಾಸಿಗೆ ಬಿಟ್ಟು ಕುರ್ಚಿಯಲ್ಲೇ ಒರಗಿ ಮಲಗುತ್ತಿದ್ದಾಳೆ. ಮಲಗಿದರೆ ಎದೆಯ ಮೇಲೆ ಯಾರೋ ಕೂತ ಹಾಗಾಗುತ್ತದಂತೆ. ಕೆಳಗೆ ಹೋಗಿ ಹಾಲು ತಂದವಳು ಅರ್ಧ ಮೆಟ್ಟಿಲಲ್ಲಿ ಕಂಬಿ ಹಿಡಿದು ನಿಂತಿದ್ದಳು. ಪಕ್ಕದ ಮನೆಯ ಮೇಷ್ಟ್ರು ಹಾಲಿನ ಚೀಲ ತಂದುಕೊಟ್ಟರು. "ವಯಸ್ಸು ಸಾರ್, ನಮಗೂ ಬರೋದೇ," ಅಂದರು. ಇರಬಹುದು.

ಒಂದು ಬಟ್ಟಲು ಸೂಪು ಕುಡಿದರೆ ಶಕ್ತಿ ಬಂದೀತು ಎಂದು ಇನ್ನೊಂದು ಬಟ್ಟಲು ಬಲವಂತ ಮಾಡಿದೆ. ಕುಡಿದಳು.

ಮಾರ್ಚ್ 28, ಶುಕ್ರವಾರ

ಆಸ್ಪತ್ರೆಯಲ್ಲಿ ಕೂತು ಬರೆಯುತ್ತಿದ್ದೇನೆ.

ಬೆಳಿಗ್ಗೆ ಅಮ್ಮ ಏನೋ ಹೇಳಲು ಬಂದಳು. ಒಂದು ಮಾತು, ಉಸಿರು, ಇನ್ನೊಂದು ಮಾತು, ಉಸಿರು. ನಾನು ಅವಳ ಮುಂದೆ ನಿಂತೇ ಇದ್ದೆ. ಏನು ಮಾಡಬೇಕೆಂದು ತೋಚದೆ ಕಿಟಕಿ ತೆರೆದೆ. ಮತ್ತೆ ಮುಚ್ಚಿದೆ. ಇವಳು ಸ್ನಾನದ ಮನೆಯಿಂದ ಒದ್ದೆ ಕೂದಲಲ್ಲೇ ಓಡಿಬಂದು, ಮಂಡಿಯೂರಿ, ಅಮ್ಮನ ಮೊಣಕಾಲ ಕೆಳಗೆ ಹೆಬ್ಬೆರಳಿಂದ ಒತ್ತಿದಳು. ಬೆರಳು ತೆಗೆದ ಮೇಲೂ ಗುಳಿ ಹಾಗೆಯೇ ಉಳಿಯಿತು, ಹಿಟ್ಟಿನಲ್ಲಿ ಒತ್ತಿದ ಹಾಗೆ. ಇವಳು ಗುಳಿಯನ್ನೂ ನೋಡಿದಳು, ನನ್ನನ್ನೂ ನೋಡಿದಳು. ಆಮೇಲೆ ಡಿಪೋದಲ್ಲಿ ಕೆಟ್ಟುನಿಂತ ಬಸ್ಸಿಗೆ ಬದಲಿ ಕಳಿಸುವವಳ ದನಿಯಲ್ಲಿ ಆಂಬ್ಯುಲೆನ್ಸಿನವರಿಗೆ ವಿಳಾಸ ಹೇಳಿದಳು, ಒಂದಕ್ಷರ ತಪ್ಪದೆ.

ಹೃದಯದ ಡಾಕ್ಟರು ಚಿಕ್ಕ ವಯಸ್ಸಿನವರು. "ನೀರು ತುಂಬಿಕೊಂಡಿದೆ. ಹೃದಯಕ್ಕೆ ಎಳೆಯೋಕಾಗ್ತಿಲ್ಲ," ಅಂದರು. "ಅಡುಗೆ ಯಾರು ಮಾಡೋದು? ಉಪ್ಪು ಎಷ್ಟು ಹಾಕ್ತೀರಿ?"

ನನ್ನ ವೃತ್ತಿಯೇ ಅದು. ನಾನು ಇವಳ ಕಡೆ ನೋಡಿದೆ.

ಮಾರ್ಚ್ 29, ಶನಿವಾರ

ಕಾರಿಡಾರಿನಲ್ಲಿ ಇವಳಿಗೆ ಹೇಳಿದೆ. ಜ್ವರದಿಂದೀಚೆಗೆ ಏನೂ ಗೊತ್ತಾಗುತ್ತಿಲ್ಲ, ಉಪ್ಪು, ಹುಳಿ, ಸಿಹಿ, ಯಾವುದೂ.

ಅವಳು ಕೈಲಿದ್ದ ಚಹಾದ ಲೋಟವನ್ನು ತಿರುಗಿಸಿದಳು, ಮತ್ತೆ ತಿರುಗಿಸಿದಳು.

"ನನ್ನ ಕೇಳಿದ್ರೆ ಆಗ್ತಿತ್ತಲ್ಲಾ," ಅಂದಳು ಕಡೆಗೆ. "ಒಂದು ಚಮಚ ಬಾಯಿಗಿಟ್ಟು ಹೇಳೋಕೆ ನನಗೇನು ಕಷ್ಟ ಇತ್ತು?"

"ಹೇಳಿದೆಯಲ್ಲ ಅವತ್ತು."

"ಹೇಳ್ದೆ. ನೀವು ನಾಲಿಗೆ ಸತ್ತವಳು ಅಂದ್ರಿ."

ದಾದಿ ಬಂದು ಯಾವುದೋ ಔಷಧಿ ಕೆಳಗಿನಿಂದ ತರಬೇಕೆಂದಳು. ಇಬ್ಬರೂ ಒಟ್ಟಿಗೆ ಎದ್ದೆವು. ಇವಳು, "ನೀವು ಕೂತಿರಿ, ಮಂಡಿ," ಎಂದು ತಾನೇ ಮೆಟ್ಟಿಲಿಳಿದು ಹೋದಳು. ಅವಳು ಕೂಗಾಡಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಮಾರ್ಚ್ 31, ಸೋಮವಾರ

ಅಮ್ಮನ ಬಾಯಿ ಒಣಗಿ ತುಟಿ ಬಿರಿದಿದೆ. ನೀರು ಕೊಡುವ ಹಾಗಿಲ್ಲ. ದಾದಿ ಪುಟ್ಟ ಲೋಟದಲ್ಲಿ ಅಳೆದು ಕೊಡುತ್ತಾಳೆ. ಮಿಕ್ಕ ಹೊತ್ತಿನಲ್ಲಿ ಒದ್ದೆ ಹತ್ತಿಯಿಂದ ತುಟಿ ಒರೆಸುವುದು, ಅಷ್ಟೇ. ಅದನ್ನು ನಾನು ಮಾಡುತ್ತಿದ್ದೇನೆ.

"ಉಪ್ಪು ತಿಂದವನು ನೀರು ಕುಡೀಲೇಬೇಕು ಅಂತಾರೆ," ಅಂದಳು ಅಮ್ಮ. "ಇವರು ಅದಕ್ಕೂ ಬಿಡಲ್ಲ ನೋಡು." ನಗಲು ಹೋಗಿ ಕೆಮ್ಮಿದಳು.

ಉಪ್ಪು ಹಾಕಿದವನು ನಾನು. ಗಾದೆಯಲ್ಲಿ ಅವನ ಮಾತೇ ಇಲ್ಲ.

"ಉಪ್ಪಾಗಿತ್ತಲ್ಲ ಅಮ್ಮ. ಯಾಕೆ ಕುಡಿದೆ?"

"ಮೊದಮೊದಲು ಅಷ್ಟೊಂದಿರಲಿಲ್ಲ. ಆಮೇಲಾಮೇಲೆ ಜಾಸ್ತಿ ಆಯ್ತು."

"ಹೇಳಬಾರದಾಗಿತ್ತಾ?"

"ಜ್ವರದಿಂದ ಎದ್ದವನು, ಕುಂಟಿಕೊಂಡು ಒಲೆ ಮುಂದೆ ನಿಂತು ಮಾಡಿರ್ತೀಯ. ಬಟ್ಟಲಿಟ್ಟು ನನ್ನ ಮುಖಾನೇ ನೋಡ್ತಾ ಕೂತಿರ್ತೀಯ, ಪರೀಕ್ಷೆ ಬರೆದ ಹುಡುಗನ ಹಾಗೆ. ಚೆನ್ನಾಗಿಲ್ಲ ಅಂತ ಹ್ಯಾಗೋ ಹೇಳ್ಲಿ?" ಕಣ್ಣು ಮುಚ್ಚಿಕೊಂಡಳು. "ಯಾವತ್ತಾದ್ರೂ ಹೇಳಿದ್ದುಂಟಾ ನಾನು?"

ಇಲ್ಲ. ಬುದ್ಧಿ ಬಂದಾಗಿನಿಂದ ಯೋಚಿಸಿ ನೋಡಿದೆ. ಒಮ್ಮೆಯೂ ಇಲ್ಲ. ಹಾಗಾದರೆ ಅಷ್ಟೂ ಹೊಗಳಿಕೆ ಎಷ್ಟು ನಿಜವಿತ್ತು, ಎಷ್ಟು ಪ್ರೀತಿಯಿತ್ತು? ಬೇರ್ಪಡಿಸಲು ಬಾರದು.

ನನ್ನ ನಾಲಿಗೆಯ ವಿಷಯ ಅವಳಿಗೆ ಹೇಳಲು ಬಾಯಿ ಬರಲಿಲ್ಲ. ಆ ಎದೆಯ ಮೇಲೆ ಅದನ್ನೂ ಹೇರುವುದೇ?

ಏಪ್ರಿಲ್ 3, ಗುರುವಾರ

ಪತ್ರಿಕಾ ಕಚೇರಿಗೆ ಹೋಗಿ ಸಂಪಾದಕಿಯ ಎದುರು ಕೂತು ಹೇಳಿಬಿಟ್ಟೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಲೇಖನ ಚೆನ್ನಾಗೇ ಇದೆಯಲ್ಲ ಸಾರ್. ಪುಟಾನೂ ಕಟ್ಟಿ ಆಗಿದೆ. ಯಾರಿಗೆ ಗೊತ್ತಾಗುತ್ತೆ?"

"ಹಾಕಬೇಡಿ."

"ಹೋಗ್ಲಿ, ಕೇಳಿದ ಪ್ರಶ್ನೆಗೆ ನಿಮ್ಮ ಉತ್ತರ ಏನು? ಮನೆ ಅಡುಗೆಗೆ ಆ ಉಪ್ಪು ಬೇಕಾ, ಬೇಡ್ವಾ?"

"ಪಾತ್ರೇಲಿ ಕರಗಿದ ಮೇಲೆ ಎಲ್ಲ ಒಂದೇ. ಬೇಯೋ ನೀರಿಗೆ ದುಬಾರಿ ಉಪ್ಪು ಸುರಿಯೋದು ವ್ಯರ್ಥ. ಆದರೆ ಚಮಚದ ಅಳತೆ ಒಂದೇ ಅಲ್ಲ. ಚಕ್ಕೆ ಉಪ್ಪಲ್ಲಿ ಗಾಳಿ ಜಾಸ್ತಿ, ಅದೇ ಚಮಚ ಪುಡಿ ಉಪ್ಪಾದ್ರೆ ತೂಕ ದುಪ್ಪಟ್ಟು. ಅದು ನೆನಪಿಲ್ಲದೆ ಬದಲಾಯಿಸಿದ್ರೆ..." ಅಲ್ಲಿಗೆ ನಿಲ್ಲಿಸಿದೆ. ಹೋಟೆಲಿನಲ್ಲಿ ಕೈಕೆಳಗಿನವರಿಗೆ ನಾನೇ ಸಾವಿರ ಸಲ ಹೇಳಿಕೊಟ್ಟ ಪಾಠ ಇದು.

"ಇದು ಇಷ್ಟೇ ಆಯ್ತಲ್ಲ," ಅಂದರು ಅವರು, ಒರಟಾಗಿಯೇನಲ್ಲ. "ಪುಟ ತುಂಬಬೇಕಲ್ಲ ಸಾರ್."

ಅಂಕಣ ಸದ್ಯಕ್ಕೆ ನಿಲ್ಲಿಸೋಣ ಎಂದರು. ಬಾಗಿಲವರೆಗೂ ಬಂದು, ನಾಲಿಗೆ ಸರಿಯಾದ ಕೂಡಲೇ ಫೋನ್ ಮಾಡಿ ಎಂದರು. ಕೆಳಗಿಳಿದು ಬಸ್ಸಿಗೆ ನಿಂತೆ. ಬಂದ ಬಸ್ಸು ಹತ್ತದೆ ಬಿಟ್ಟೆ. ಇನ್ನೊಂದನ್ನೂ ಬಿಟ್ಟೆ. ಆಸ್ಪತ್ರೆಗೆ ಹೋಗಲೇಬೇಕಿತ್ತು, ಮೂರನೆಯದನ್ನು ಹತ್ತಿದೆ.

ಏಪ್ರಿಲ್ 9, ಬುಧವಾರ

ಅಮ್ಮ ಮನೆಗೆ ಬಂದಳು. ಹೋದವಳಲ್ಲಿ ಅರ್ಧ ಮಾತ್ರ ಬಂದ ಹಾಗಿದೆ. ನೀರೆಲ್ಲ ಇಳಿದು ಕಾಲು ಕಡ್ಡಿಯಾಗಿದೆ.

ಹೊರಡುವ ಮುಂಚೆ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದರು. "ಹೃದಯ ಮುಂಚಿನಿಂದಲೇ ದುರ್ಬಲ ಆಗಿತ್ತು. ಎಲ್ಲಾ ಉಪ್ಪಿನ ಮೇಲೆ ಹಾಕಬೇಡಿ. ಇವತ್ತಲ್ಲ ನಾಳೆ ಇದು ಬರೋದೇ ಇತ್ತು."

ಸಮಾಧಾನಕ್ಕೆ ಹೇಳಿದರು. ನಾಳೆ ಬರುವುದನ್ನು ಇವತ್ತೇ ಕೈಹಿಡಿದು ಕರೆತಂದವನಿಗೆ ಅದು ಹೇಗೆ ಸಮಾಧಾನವಾದೀತು?

ಪಥ್ಯದ ವಿಷಯ ತಿಳಿಸುವ ಹುಡುಗಿ ದಿನಕ್ಕೆ ಎಷ್ಟು ಉಪ್ಪು ಎಂದು ತೋರಿಸಿದಳು. ಎರಡು ಬೆರಳಿನ ಸಣ್ಣ ಚಿಟಿಕೆ. ಗುಲಾಬಿ ಉಪ್ಪು ಒಳ್ಳೆಯದಂತೆ, ಅದಾದರೆ ಸ್ವಲ್ಪ ಜಾಸ್ತಿ ಹಾಕಬಹುದಾ ಎಂದು ಕೇಳಿದೆ. "ಬಣ್ಣ ಯಾವುದಾದ್ರೇನು ಸಾರ್, ದೇಹಕ್ಕೆ ಉಪ್ಪು ಉಪ್ಪೇ," ಅಂದಳು. ಗೊತ್ತಿತ್ತು. ಆದರೂ ಕೇಳಿದೆ.

ಏಪ್ರಿಲ್ 17, ಗುರುವಾರ

ಅಮ್ಮ ಊಟ ಬಿಡುತ್ತಿದ್ದಾಳೆ. ಬಿಡುತ್ತಿದ್ದಾಳೆಂದು ತೋರಿಸುವುದಿಲ್ಲ. "ಚೆನ್ನಾಗಿದೆ ಕಣೋ," ಎಂದು ಹೇಳಿ ತಟ್ಟೆ ಖಾಲಿ ಮಾಡಿಕೊಡುತ್ತಾಳೆ. ಇವತ್ತು ಅವಳ ಅಂಗಿ ಒಗೆಯಲು ತೆಗೆದಾಗ ಜೇಬಿನಲ್ಲಿ ಕಾಗದದ ಕರವಸ್ತ್ರ ಸಿಕ್ಕಿತು. ಬಿಚ್ಚಿದರೆ ಬೇಯಿಸಿದ ಆಲೂಗಡ್ಡೆ, ಕೋಸಿನ ಎಲೆ, ಅರ್ಧ ಮೊಟ್ಟೆ. ಎಷ್ಟು ಒಪ್ಪವಾಗಿ ಮಡಿಸಿದ್ದಳೆಂದರೆ ಪಾರ್ಸೆಲಿನ ಹಾಗಿತ್ತು.

ಇವಳು ಈಗ ಪಾಳಿಗೆ ಹೊರಡುವ ಮುಂಚೆ ಸಮವಸ್ತ್ರದಲ್ಲೇ ಒಲೆಯ ಹತ್ತಿರ ನಿಂತು ಒಂದು ಚಮಚ ಕುಡಿದು ನೋಡಿ ಹೋಗುತ್ತಾಳೆ. ನಾನು ಕೇಳಿಕೊಂಡಿದ್ದೇನೆ. ರುಚಿಯ ಮಾತುಗಳು ಅವಳಿಗೆ ಬಾರವು. "ಇದು ಇನ್ನೂ ಡಿಪೋದಿಂದಲೇ ಹೊರಟಿಲ್ಲ," ಎನ್ನುತ್ತಾಳೆ. ಹುಳಿ ಹಿಂಡಿ, ಮೆಣಸು ಕುಟ್ಟಿ ಹಾಕಿದರೆ, "ಹೂಂ, ಗೇಟು ದಾಟ್ತು." ನನ್ನ ಅಂಕಣದ ಯಾವ ಸಾಲಿಗಿಂತಲೂ ಇದು ಚೆನ್ನಾಗಿ ಅರ್ಥವಾಗುತ್ತದೆ. ಹೀಗೆ ಹೇಳಿದಾಗ ಅವಳ ಹುಬ್ಬು ಒಂಚೂರು ಮೇಲೇಳುತ್ತದೆ. ಮುಂಚೆ ನೋಡಿದ ನೆನಪಿಲ್ಲ.

ನಾನೂ ಅಮ್ಮ ತಿನ್ನುವುದನ್ನೇ ತಿನ್ನುತ್ತೇನೆ. ಬೇರೆ ಮಾಡಿಕೊಂಡು ಪ್ರಯೋಜನವೇನು?

ಏಪ್ರಿಲ್ 27, ಭಾನುವಾರ

ಯೋಚನೆ ಇವಳದು. "ಇರೋ ಚಿಟಿಕೆ ಉಪ್ಪನ್ನ ಪಾತ್ರೆಗೆ ಯಾಕೆ ಹಾಕ್ತೀರಿ? ಅದು ಅಲ್ಲೇ ಮುಳುಗಿಹೋಗುತ್ತೆ. ಮೇಲೆ ಹಾಕಿ, ನಾಲಿಗೆಗೆ ಮೊದಲು ಅದೇ ತಾಗಲಿ."

ನಿಜವೇ. ಉಪ್ಪಿನ ಅಂಗಡಿಗೆ ಹೋಗಿ ಅತಿ ಚಿಕ್ಕ ಡಬ್ಬಿ ಚಕ್ಕೆ ಉಪ್ಪು ತಂದೆ. ಅಂಗಡಿಯವನು ಲೇಖನ ಯಾವಾಗ ಬರುತ್ತೆ ಎಂದ. ಬರುವುದಿಲ್ಲ ಎಂದೆ. ಯಾಕೆಂದು ಕೇಳಿದ. ರುಚಿ ಹೋಗಿದೆ, ಅವತ್ತು ನಾನು ಹೇಳಿದ್ದೆಲ್ಲ ಸುಳ್ಳು ಎಂದೆ. ಅವನು ಪಾಪ, ದುಡ್ಡು ತೆಗೆದುಕೊಳ್ಳಲೋ ಬೇಡವೋ ಎಂದು ಕೈ ಚಾಚಿ ನಿಂತುಬಿಟ್ಟ.

ಅಮ್ಮನ ಪಾಲಿನ ಉಪ್ಪನ್ನು ತೂಗಿ, ಅದರಿಂದ ಎರಡೇ ಚಕ್ಕೆ ತೆಗೆದು, ಬೇಯಿಸಿದ ಮೊಟ್ಟೆಯ ಹೋಳಿನ ಮೇಲೆ ಇಟ್ಟೆ. ಅಮ್ಮ ಬಾಯಿಗೆ ಹಾಕಿಕೊಂಡಳು. ಆ ಕರಕ್ ನನಗೂ ಕೇಳಿಸಿತು. ಅಗಿಯುವುದನ್ನು ನಿಲ್ಲಿಸಿ ಒಂದು ಕ್ಷಣ ಹಾಗೇ ಕೂತಳು.

"ಬಂತು," ಅಂದಳು, ಯಾವುದೋ ದೂರದ ಊರಿನ ಕರೆ ಕೂಡಿಬಂದ ಹಾಗೆ.

ಎರಡನೆಯ ಹೋಳನ್ನೂ ತಿಂದಳು. ಕರವಸ್ತ್ರ ಬೇಡಲಿಲ್ಲ.

ಸಂಜೆ ಮತ್ತೆ ಉಸಿರು ಕಟ್ಟಿತು. ಎರಡು ಚಕ್ಕೆಯಿಂದ ಅಲ್ಲ ಎಂದು ಡಾಕ್ಟರು ಫೋನಿನಲ್ಲಿ ಹೇಳಿದರು, ಇನ್ನು ಹೀಗೆ ಬಂದು ಹೋಗುತ್ತಿರುತ್ತದೆ ಎಂದರು. ಮಾತ್ರೆ ಕೊಟ್ಟು ಬೆನ್ನಿಗೆ ದಿಂಬು ಕೊಟ್ಟು ಹಿಡಿದು ಕೂತೆವು. ಇವಳು ಒಂದು ಪಕ್ಕ, ನಾನೊಂದು ಪಕ್ಕ. ಅಮ್ಮನ ಭುಜದ ಮೂಳೆ ಕೈಗೆ ಸಿಗುತ್ತಿತ್ತು. ಮಾಡಲು ಬೇರೇನೂ ಇರಲಿಲ್ಲ.

ಮೇ 2, ಶುಕ್ರವಾರ

ಕಿವಿ ಮೂಗಿನ ಡಾಕ್ಟರಲ್ಲಿಗೆ ಹೋಗಿದ್ದೆ. ಬಾರದವರೂ ಇದ್ದಾರಾ ಎಂದು ಈ ಸಲ ಕೇಳಿದೆ. ಇದ್ದಾರೆ ಎಂದರು.

ಮೇ 11, ಭಾನುವಾರ

ಇವಳು ಬೆಳಗಿನ ಪಾಳಿಗೆ ಹೋಗಿದ್ದಳು. ಸೂಪಿನ ರುಚಿ ನೋಡಿ ಹೇಳುವವರಿರಲಿಲ್ಲ. ಅಮ್ಮನ ಎದುರು ಬಟ್ಟಲಿಟ್ಟು ಅಭ್ಯಾಸದಂತೆ ಅವಳ ಮುಖ ನೋಡುತ್ತ ಕೂತೆ. ಅವಳು ಒಂದು ಚಮಚ ಕುಡಿದು, ನಾನು ಕೇಳುವ ಮುಂಚೆಯೇ, "ಚೆನ್ನಾಗಿದೆ," ಅಂದಳು. ಕೈ ಆಗಲೇ ಕರವಸ್ತ್ರ ಹುಡುಕುತ್ತಿತ್ತು. ಸೂಪನ್ನು ಕರವಸ್ತ್ರದಲ್ಲಿ ಕಟ್ಟಲಾಗುವುದಿಲ್ಲ ಎಂದು ನೆನಪಾಗಿ ಕೈ ನಿಂತಿತು.

"ಅಮ್ಮ, ನನಗೆ ರುಚಿ ಗೊತ್ತಾಗ್ತಿಲ್ಲ," ಅಂದೆ.

"ಹಾಂ?"

"ಜ್ವರ ಬಂದಾಗಿನಿಂದ. ಉಪ್ಪು ಇದೆಯೋ ಇಲ್ವೋ ಅಂತಾನೂ ತಿಳಿಯಲ್ಲ. ಏನೂ ಇಲ್ಲ ಬಾಯಲ್ಲಿ."

ಅವಳು ಚಮಚ ಕೆಳಗಿಟ್ಟಳು. ನನ್ನ ಬಾಯನ್ನೇ ನೋಡಿದಳು, ಒಡೆದ ಹಲ್ಲನ್ನು ನೋಡುವ ಹಾಗೆ. ಅವಳ ಮುಖದಲ್ಲಿ ಏನೇನೋ ಒಂದಾದ ಮೇಲೊಂದು ಹಾದುಹೋಯಿತು.

"ಹಾಗಾದ್ರೆ ಅವಾಗೆಲ್ಲ," ಅಂದಳು ನಿಧಾನವಾಗಿ, "ನಾನು ಸಾಕು, ಚೆನ್ನಾಗಿದೆ ಅಂದಿದ್ದನ್ನ ನಂಬಿಕೊಂಡು ಹಾಕ್ತಿದ್ಯಾ?"

"ಹೂಂ."

"ಅಯ್ಯೋ ದಡ್ಡ."

ನನಗೆ ಹೇಳಿದಳೋ ತನಗೇ ಹೇಳಿಕೊಂಡಳೋ ತಿಳಿಯಲಿಲ್ಲ. ಕಣ್ಣಲ್ಲಿ ನೀರಿತ್ತು, ಆದರೆ ಅಳಲಿಲ್ಲ. ಕೈ ಚಾಚಿ ನನ್ನ ಕೆನ್ನೆಯನ್ನು ಒಂದು ಸಲ ಮುಟ್ಟಿದಳು. ಆ ಕೈ ತಣ್ಣಗಿತ್ತು. ಮೊನ್ನೆಗಿಂತ ತಣ್ಣಗೆ.

ಆಮೇಲೆ ಕುರ್ಚಿಯಲ್ಲಿ ನೆಟ್ಟಗೆ ಕೂತಳು. ಅಷ್ಟಕ್ಕೇ ಉಸಿರು ಮೇಲೆ ಬಂತು, ಸುಧಾರಿಸಿಕೊಂಡಳು. ಬಟ್ಟಲನ್ನು ಹತ್ತಿರ ಎಳೆದುಕೊಂಡು, ಚಮಚ ತುಂಬ ತೆಗೆದು, ಬಾಯಲ್ಲಿ ಆ ಕಡೆಗೂ ಈ ಕಡೆಗೂ ಆಡಿಸಿ ನುಂಗಿದಳು. ಇನ್ನೊಂದು ಚಮಚ ತೆಗೆದು ಮತ್ತೆ ಹಾಗೇ ನೋಡಿದಳು.

"ಸಪ್ಪೆ," ಅಂದಳು. "ಶುದ್ಧ ಸಪ್ಪೆ. ಹುಳಿ ಸಾಲದು. ಕ್ಯಾರೆಟ್ಟು ಕರಗಿಹೋಗೋ ಹಾಗೆ ಬೇಯಿಸಿದೀಯ, ಹಲ್ಲಿಗೆ ಏನೂ ಸಿಗಲ್ಲ."

"ಮೆಣಸು?"

"ಮೆಣಸು ಇರಲಿ, ಅಷ್ಟೇ ಇರಲಿ."

ಅರ್ಧ ಬಟ್ಟಲು ಕುಡಿದು ಸಾಕೆಂದಳು, ನನ್ನ ಮುಖ ನೋಡಿಕೊಂಡೇ. ಮಿಕ್ಕಿದ್ದನ್ನು ನಾನು ಕುಡಿದೆ.

ನಾಳೆ ನಿಂಬೆ ಸ್ವಲ್ಪ ಹೆಚ್ಚು ಹಿಂಡಬೇಕು. ಕ್ಯಾರೆಟ್ಟನ್ನು ಕೊನೆಯಲ್ಲಿ ಹಾಕಬೇಕು.